ಆಳದ ಅಂಗಮರ್ದನ: ನೋವು ಇಳಿದರೆ ಮೈ ನೆಟ್ಟಗಾಯಿತೆ?

ಬೆನ್ನುನೋವನ್ನು ಅರಿಯದವರು ವಿರಳ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61 ಕೋಟಿ 90 ಲಕ್ಷ ಜನ ಸೊಂಟದ ನೋವಿನಿಂದ ಬಳಲುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ದಿನವಿಡೀ ಕರಿಹಲಗೆಯ ಮುಂದೆ ನಿಲ್ಲುವ ಶಿಕ್ಷಕರಿಗೂ ಪರೀಕ್ಷೆಯ ದಿನಗಳಲ್ಲಿ ಪುಸ್ತಕದ ಮೇಲೆ ಬಾಗಿ ಕೂರುವ ವಿದ್ಯಾರ್ಥಿಗಳಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೋವಿರುವ ಜಾಗಕ್ಕೆ ಕೈ ತಾನಾಗಿಯೇ ಹೋಗುತ್ತದೆ, ಒತ್ತುತ್ತದೆ, ತಿಕ್ಕುತ್ತದೆ. ಎಣ್ಣೆ ಹಚ್ಚಿ ಮೈ ನೀವುವುದು ನಮ್ಮ ಮನೆಗಳಿಗೂ ಗರಡಿಗಳಿಗೂ ಹೊಸದಲ್ಲ.

ಈಗ ನಗರಗಳ ಸ್ಪಾಗಳ ದರಪಟ್ಟಿಯಲ್ಲಿ 'ಡೀಪ್ ಟಿಶ್ಯೂ' ಎಂಬ ಹೆಸರನ್ನು ನೀವು ನೋಡಿರಬಹುದು. ಇದು ಬೆರಳಗಂಟು, ಮುಂಗೈ, ಮೊಣಕೈಗಳಿಂದ ನಿಧಾನವಾಗಿ, ಬಲವಾಗಿ ಒತ್ತುವ ಅಂಗಮರ್ದನ. ಇದರ ಬಗ್ಗೆ ಸಾಮಾನ್ಯವಾಗಿ ಎರಡು ಮಾತುಗಳನ್ನು ಒಟ್ಟಿಗೆ ಹೇಳಲಾಗುತ್ತದೆ. ಒಂದು, ಇದರಿಂದ ನೋವು ಕಡಿಮೆಯಾಗುತ್ತದೆ. ಎರಡು, ಸ್ನಾಯುಗಳ ಸುತ್ತಲಿನ ಬಿಗಿದ ಪೊರೆಗಳು ಸಡಿಲಗೊಂಡು, ಓರೆಯಾಗಿದ್ದ ದೇಹ ನೆಟ್ಟಗಾಗುತ್ತದೆ. ನೋವು ಕಡಿಮೆಯಾಗುವುದು ಆ ಕಾರಣದಿಂದಲೇ.

ಮೊದಲನೆಯದು ಒಂದು ವೀಕ್ಷಣೆ. ಎರಡನೆಯದು ಆ ವೀಕ್ಷಣೆಗೆ ಕೊಟ್ಟ ವಿವರಣೆ. ವೀಕ್ಷಣೆ ಸರಿಯಾಗಿದ್ದೂ ವಿವರಣೆ ತಪ್ಪಾಗಿರಬಹುದು. ಸೂರ್ಯ ಪೂರ್ವದಲ್ಲಿ ಹುಟ್ಟುವುದನ್ನು ಎಲ್ಲರೂ ಕಾಣುತ್ತೇವೆ. ಅಷ್ಟರಿಂದ ಸೂರ್ಯ ಭೂಮಿಯನ್ನು ಸುತ್ತುತ್ತಾನೆಂದು ಸಾಬೀತಾಗುವುದಿಲ್ಲ. ಆಳದ ಅಂಗಮರ್ದನದ ಈ ಎರಡು ಮಾತುಗಳನ್ನು ಬಿಡಿಸಿ, ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಏನು ಕಾಣುತ್ತದೆ? ಬನ್ನಿ, ನೋಡೋಣ.

ಐಡಾ ರಾಲ್ಫ್ ಅವರ ವಾದ

ಈ ವಿವರಣೆಯನ್ನು ಅತ್ಯಂತ ವ್ಯವಸ್ಥಿತವಾಗಿ ಮಂಡಿಸಿದವರು ಅಮೆರಿಕದ ಐಡಾ ರಾಲ್ಫ್ (1896-1979). ಅವರು ಜೀವರಸಾಯನ ವಿಜ್ಞಾನಿ. 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ಸುಲಭವಾಗಿ ತೆರೆಯದಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಮುಂದೆ ಅವರು ರೂಪಿಸಿದ ಅಂಗಮರ್ದನ ಪದ್ಧತಿಗೆ 'ಸ್ಟ್ರಕ್ಚರಲ್ ಇಂಟಿಗ್ರೇಷನ್' ಎಂದು ಹೆಸರಿಟ್ಟರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ಅದನ್ನು ಕಲಿಸತೊಡಗಿದಾಗ ಜನ ಅದನ್ನು 'ರಾಲ್ಫಿಂಗ್' ಎಂದು ಕರೆದರು. ಆ ಹೆಸರೇ ಉಳಿಯಿತು. 1977ರಲ್ಲಿ ಅವರ ಮುಖ್ಯ ಗ್ರಂಥ ಪ್ರಕಟವಾಯಿತು.

ರಾಲ್ಫ್ ಅವರ ವಾದವನ್ನು ಹೀಗೆ ಸಂಗ್ರಹಿಸಬಹುದು. ಸ್ನಾಯುಗಳನ್ನೂ ಇತರ ಅಂಗಗಳನ್ನೂ ಸುತ್ತುವರಿದಿರುವ, ದೇಹದುದ್ದಕ್ಕೂ ಹರಡಿಕೊಂಡಿರುವ ಸಂಯೋಜಕ ಅಂಗಾಂಶದ ಪೊರೆಗೆ ಫ್ಯಾಸಿಯಾ ಎಂದು ಹೆಸರು. ಪೆಟ್ಟು, ದುರಭ್ಯಾಸ, ಮಾನಸಿಕ ಒತ್ತಡಗಳಿಂದ ಇದು ಅಲ್ಲಲ್ಲಿ ಮೊಟಕಾಗಿ ಗಡುಸಾಗುತ್ತದೆ. ಆಗ ತಲೆ, ಎದೆ, ಸೊಂಟ, ಕಾಲುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅಂಥ ದೇಹವನ್ನು ಗುರುತ್ವ ಸದಾ ಕೆಳಗೆ ಜಗ್ಗುತ್ತಿರುತ್ತದೆ. ಒತ್ತಡವೆಂಬ ಶಕ್ತಿಯನ್ನು ಊಡಿದರೆ ಗಟ್ಟಿಯಾದ ಲೋಳೆಯಂತಿರುವ ಫ್ಯಾಸಿಯಾ ಮೆದುವಾಗಿ, ಹೊಸ ಆಕಾರವನ್ನು ತಳೆಯುತ್ತದೆ. ನಿಗದಿತ ಕ್ರಮದ ಹತ್ತು ಆವರ್ತನಗಳಲ್ಲಿ ಇಡೀ ದೇಹವನ್ನು ಹೀಗೆ ಮರುಜೋಡಿಸಬಹುದು.

ಇದು ಮನಸ್ಸಿಗೆ ಒಪ್ಪುವ ಚಿತ್ರ. ರಾಲ್ಫಿಂಗ್‌ನ ಲಾಂಛನದಲ್ಲಿಯೂ ಇದೇ ಇದೆ: ಮಗುವಿನ ದೇಹವನ್ನು ಅಡ್ಡಾದಿಡ್ಡಿಯಾಗಿ ಪೇರಿಸಿದ ದಿಮ್ಮಿಗಳಂತೆ ಒಂದು ಕಡೆ, ನೇರವಾಗಿ ಪೇರಿಸಿದಂತೆ ಇನ್ನೊಂದು ಕಡೆ ತೋರಿಸಲಾಗಿದೆ. ಇನ್ನೊಂದು ಮಾತನ್ನೂ ಹೇಳಬೇಕು. ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳು ಫ್ಯಾಸಿಯಾವನ್ನು ಕತ್ತರಿಸಿ ಪಕ್ಕಕ್ಕೆ ಸರಿಸುತ್ತಿದ್ದ ಕಾಲದಲ್ಲಿ ಅದರತ್ತ ಗಮನ ಸೆಳೆದ ಶ್ರೇಯ ರಾಲ್ಫ್ ಅವರಿಗೆ ಸಲ್ಲಬೇಕು. ಆದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದನ್ನು ಅಳತೆಗೆ ಒಡ್ಡಬೇಕು ತಾನೆ?

ಪೊರೆ ಎಷ್ಟು ಗಟ್ಟಿ?

ಮೊದಲು ಲೋಳೆಯ ವಿಷಯ. ಕೆಲವು ಕಲಿಲಗಳು ಕಲಕಿದಾಗ ತೆಳುವಾಗುತ್ತವೆ, ಬಿಟ್ಟಾಗ ಮತ್ತೆ ಗಟ್ಟಿಯಾಗುತ್ತವೆ. ಬಾಟಲಿಯನ್ನು ಅಲ್ಲಾಡಿಸಿದಾಗ ಟೊಮೆಟೊ ಸಾಸ್ ಸಲೀಸಾಗಿ ಸುರಿಯುವುದು ಇದರಿಂದಲೇ. ಈ ಗುಣವೇ ರಾಲ್ಫ್ ಅವರ ವಿವರಣೆಯ ತಳಹದಿ. ಆದರೆ ಇದೇ ಗುಣ ಅವರ ವಾದಕ್ಕೆ ತೊಡಕೂ ಆಗುತ್ತದೆ. ಕಲಕುವುದನ್ನು ನಿಲ್ಲಿಸಿದರೆ ಸಾಸ್ ಮೊದಲಿನಂತಾಗುವುದಾದರೆ, ಒತ್ತುವುದನ್ನು ನಿಲ್ಲಿಸಿದಾಗ ಫ್ಯಾಸಿಯಾವೂ ಮೊದಲಿನಂತಾಗಬೇಕು. ತಿಂಗಳುಗಟ್ಟಲೆ ಉಳಿಯುವ ಬದಲಾವಣೆಯನ್ನು ಇದು ವಿವರಿಸುವುದಿಲ್ಲ.

ಇನ್ನು ಗಟ್ಟಿತನ. ಫ್ಯಾಸಿಯಾದಲ್ಲಿ ಮುಖ್ಯವಾಗಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಸ್ನಾಯುವನ್ನು ಮೂಳೆಗೆ ಕಟ್ಟುವ ಕಂಡರಗಳಲ್ಲಿ ಇರುವುದೂ ಅದೇ. ನಡೆಯುವಾಗ, ಓಡುವಾಗ, ಜಿಗಿಯುವಾಗ ದೇಹದ ಭಾರಕ್ಕೆ ಮೀರಿದ ಬಲವನ್ನು ತಾಳಿಕೊಳ್ಳುವುದೇ ಇವುಗಳ ಕೆಲಸ. ಹೆಬ್ಬೆರಳಿನ ಒತ್ತಡಕ್ಕೆ ಇಂಥ ಪೊರೆ ಆಕಾರ ಬದಲಿಸುವುದೆ?

2008ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ಒಂದು ಗಣಿತ ಮಾದರಿಯನ್ನು ರಚಿಸಿದರು. ತೊಡೆಯ ಹೊರಬದಿಯ ಫ್ಯಾಸಿಯಾವನ್ನು ಕೇವಲ ಶೇಕಡ 1ರಷ್ಟು ಅದುಮಿ, ಶೇಕಡ 1ರಷ್ಟು ಪಕ್ಕಕ್ಕೆ ಜರುಗಿಸಲು ಬೇಕಾಗುವ ಬಲಗಳನ್ನು ಲೆಕ್ಕ ಹಾಕಿದರು. ಲಂಬವಾಗಿ 9,075 ನ್ಯೂಟನ್, ಅಂದರೆ ಸುಮಾರು 925 ಕಿಲೋಗ್ರಾಂ ಭಾರ. ಪಕ್ಕಕ್ಕೆ 4,515 ನ್ಯೂಟನ್. ಅಂಗಾಲಿನ ಫ್ಯಾಸಿಯಾಕ್ಕೂ ಇಷ್ಟೇ ದೊಡ್ಡ ಅಂಕಿಗಳು ಬಂದವು. ಈಗ ಒಂದು ಸರಳ ಲೆಕ್ಕ ಮಾಡಿ. 60 ಕಿಲೋಗ್ರಾಂ ತೂಗುವ ವ್ಯಕ್ತಿ ತನ್ನ ಇಡೀ ಮೈಭಾರವನ್ನು ಮೊಣಕೈ ಮೇಲೆ ಹಾಕಿದರೂ ಆಗುವುದು ಸುಮಾರು 590 ನ್ಯೂಟನ್. ಬೇಕಾದದ್ದು ಇದರ ಸುಮಾರು 15 ಪಟ್ಟು!

ಇದು ಮಾದರಿಯ ಲೆಕ್ಕ ಎಂಬುದನ್ನು ಮರೆಯಬಾರದು. ಒತ್ತುವ ಜಾಗದ ವಿಸ್ತೀರ್ಣ, ಅಂಗಾಂಶದ ಗುಣಗಳ ಬಗ್ಗೆ ಮಾಡಿಕೊಂಡ ಊಹೆಗಳು ಬದಲಾದರೆ ಅಂಕಿಗಳೂ ಬದಲಾಗುತ್ತವೆ. ಮೂಗಿನ ಮೇಲಿನ ಮೆದು ಫ್ಯಾಸಿಯಾ ಕೈಯ ಒತ್ತಡಕ್ಕೆ ಮಣಿಯಬಹುದೆಂದು ಅದೇ ಸಂಶೋಧಕರು ತೋರಿಸಿದ್ದಾರೆ. ಆದರೆ ತೊಡೆ, ಅಂಗಾಲಿನ ಗಟ್ಟಿ ಪೊರೆಗಳಲ್ಲಿ ಕೈಗೆ ತಿಳಿಯುವ 'ಸಡಿಲಿಕೆ' ಆ ಪೊರೆಗಳೇ ವಿರೂಪಗೊಂಡದ್ದರಿಂದ ಆಗಿರಲಾರದು ಎಂಬುದು ಅವರ ತೀರ್ಮಾನ.

ದೇಹ ದಿಮ್ಮಿಗಳ ಗೋಪುರವೆ?

ದಿಮ್ಮಿಗಳ ಹೋಲಿಕೆಯನ್ನೂ ಪರೀಕ್ಷಿಸಬೇಕು. ದಿಮ್ಮಿಗಳ ಗೋಪುರ ನಿಲ್ಲುವುದು ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಪಾದದೊಳಗೆ ಬಿದ್ದಾಗ ಮಾತ್ರ. ಮನುಷ್ಯನಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ದಿಮ್ಮಿಗಳಿಗೆ ಸ್ನಾಯುಗಳಿಲ್ಲ, ನರಗಳಿಲ್ಲ. ನೀವು ನೆಟ್ಟಗೆ ನಿಂತಾಗ ನಿಮ್ಮ ಲಂಬರೇಖೆ ಹಿಮ್ಮಡಿಯ ಕೀಲಿಗಿಂತ ಸ್ವಲ್ಪ ಮುಂದೆ ಬೀಳುತ್ತದೆ. ಅಂದರೆ ದೇಹ ಸದಾ ಮುಂದಕ್ಕೆ ವಾಲಲು ಸಿದ್ಧವಾಗಿರುತ್ತದೆ. ಮೀನಖಂಡದ ಸ್ನಾಯುಗಳು ಅದನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತವೆ. ಕಣ್ಣು, ಒಳಕಿವಿ, ಸ್ನಾಯು ಮತ್ತು ಕೀಲುಗಳಿಂದ ಬರುವ ಸುದ್ದಿಗಳನ್ನು ಕೂಡಿಸಿಕೊಂಡು ನರಮಂಡಲ ಕ್ಷಣಕ್ಷಣವೂ ತಿದ್ದುಪಡಿ ಮಾಡುತ್ತಿರುತ್ತದೆ. ಸುಮ್ಮನೆ ನಿಂತ ಮನುಷ್ಯನೂ ಸ್ವಲ್ಪ ಸ್ವಲ್ಪ ತೂಗಾಡುತ್ತಲೇ ಇರುತ್ತಾನೆ.

ಆದ್ದರಿಂದ ದೇಹಭಂಗಿ ಎಂಬುದು ಒಮ್ಮೆ ಸರಿಪಡಿಸಿ ಬಿಡಬಹುದಾದ ಜೋಡಣೆಯಲ್ಲ. ಅದು ನರಮಂಡಲ ಬಿಡುವಿಲ್ಲದೆ ನಡೆಸುವ ಕೆಲಸ. ಆಯಾಸ, ಬೇಸರ, ಉತ್ಸಾಹ, ಎದುರಿಗಿರುವ ಮೇಜಿನ ಎತ್ತರ ಇವೆಲ್ಲವೂ ಅದನ್ನು ಬದಲಿಸುತ್ತವೆ. 'ಚಿಕಿತ್ಸೆಗೆ ಮೊದಲು', 'ಚಿಕಿತ್ಸೆಯ ನಂತರ' ಎಂಬ ಜೋಡಿ ಛಾಯಾಚಿತ್ರಗಳನ್ನು ಸಾಕ್ಷ್ಯವೆಂದು ಸ್ವೀಕರಿಸಲು ಹಿಂಜರಿಯಬೇಕಾದದ್ದು ಇದಕ್ಕಾಗಿಯೇ. ಒಬ್ಬನೇ ವ್ಯಕ್ತಿ ಹತ್ತು ನಿಮಿಷಗಳ ಅಂತರದಲ್ಲಿ ಎರಡು ಬಗೆಯಾಗಿ ನಿಲ್ಲಬಲ್ಲ. ಚಿಕಿತ್ಸೆ ಮುಗಿದಿದೆ ಎಂದು ತಿಳಿದವನು ಕ್ಯಾಮೆರಾದ ಮುಂದೆ ಎದೆ ಎತ್ತಿಯೇ ನಿಲ್ಲುತ್ತಾನೆ.

ಓರೆ ಭಂಗಿಯೇ ನೋವಿಗೆ ಕಾರಣವೆ?

'ಬಾಗಿ ಕೂರಬೇಡ, ಬೆನ್ನು ನೋಯುತ್ತದೆ' ಎಂದು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇವೆ! ಆದರೆ ಭಂಗಿಗೂ ನೋವಿಗೂ ಇರುವ ನಂಟು ನಾವು ತಿಳಿದಷ್ಟು ನೇರವಾಗಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ 17 ವರ್ಷ ವಯಸ್ಸಿನ 686 ಮಂದಿಯ ಕುಳಿತ ಭಂಗಿಯನ್ನು ಅಳೆದು, ಅವರನ್ನು 22ನೆಯ ವಯಸ್ಸಿನಲ್ಲಿ ಮತ್ತೆ ವಿಚಾರಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ತಲೆ ಮುಂದೆ ಚಾಚಿ, ಎದೆ ಕುಗ್ಗಿಸಿ ಕೂರುತ್ತಿದ್ದ ಹುಡುಗಿಯರಲ್ಲಿ ಮುಂದೆ ಕತ್ತುನೋವು ಹೆಚ್ಚಾಗಿರಲಿಲ್ಲ. ನೆಟ್ಟಗೆ ಕೂರುತ್ತಿದ್ದವರಿಗಿಂತ ಕಡಿಮೆಯೇ ಇತ್ತು. ಹುಡುಗರಲ್ಲಿ ಭಂಗಿಯಿಂದ ವ್ಯತ್ಯಾಸವೇ ಕಾಣಲಿಲ್ಲ.

ಬೆನ್ನುಮೂಳೆಯ ಒಳಗಿನ ಚಿತ್ರವೂ ಹೀಗೆಯೇ. ಬೆನ್ನುನೋವು ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಳಗೊಂಡ 33 ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಕಶೇರುಮಣಿಗಳ ನಡುವಿನ ಬಿಲ್ಲೆಗಳು ಸವೆದ ಗುರುತು 20 ವರ್ಷದವರಲ್ಲಿ ಶೇಕಡ 37ರಷ್ಟು, 80 ವರ್ಷದವರಲ್ಲಿ ಶೇಕಡ 96ರಷ್ಟು ಮಂದಿಯಲ್ಲಿ ಕಂಡಿತು. ಇವರಾರಿಗೂ ನೋವಿರಲಿಲ್ಲ!

ಇದರಿಂದ ಎಲ್ಲ ಓರೆಗಳೂ ನಿರುಪದ್ರವಿ ಎಂದು ಭಾವಿಸಬಾರದು. ಬೆಳೆಯುವ ಮಕ್ಕಳಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗುವ ಸ್ಕೋಲಿಯೋಸಿಸ್‌ನಂಥ ಸ್ಥಿತಿಗೆ ವೈದ್ಯರ ತಪಾಸಣೆ ಬೇಕೇ ಬೇಕು. ಆದರೆ ಒಂದು ಭುಜ ತುಸು ಕೆಳಗಿರುವುದು, ಸೊಂಟ ತುಸು ಮುಂದಿರುವುದು ಮನುಷ್ಯರಲ್ಲಿನ ಸಹಜ ವೈವಿಧ್ಯ. ಅದನ್ನು ದೋಷವೆಂದು ಹೆಸರಿಸಿ, ಹತ್ತು ಆವರ್ತನಗಳ ಶುಲ್ಕ ಕೇಳುವುದರಲ್ಲಿ ಹಣದ ನಷ್ಟವಷ್ಟೇ ಇಲ್ಲ. ತನ್ನ ಬೆನ್ನು ಮುರುಕು ಯಂತ್ರವೆಂದು ನಂಬಿದವನು ಬಾಗಲು, ಭಾರ ಎತ್ತಲು, ಆಡಲು ಹೆದರುತ್ತಾನೆ. ಆ ಹೆದರಿಕೆ ಮತ್ತು ಚಟುವಟಿಕೆಯ ಕೊರತೆ ನೋವು ಬೇರೂರಲು ನೆರವಾಗುತ್ತವೆ.

ಹಾಗಾದರೆ ಹಿತವೆನಿಸುವುದೇಕೆ?

ಪೊರೆ ಆಕಾರ ಬದಲಿಸದಿದ್ದರೆ ಒತ್ತಿಸಿಕೊಂಡವರಿಗೆ ಆರಾಮವೆನಿಸುವುದು ಹೇಗೆ? ರಾಲ್ಫಿಂಗ್ ಬಳಗದ ಒಳಗಿನಿಂದಲೇ ಈ ಪ್ರಶ್ನೆ ಎದ್ದಿತು ಎಂಬುದು ಗಮನಾರ್ಹ. ಜರ್ಮನಿಯ ರಾಬರ್ಟ್ ಶ್ಲೈಪ್ ಸ್ವತಃ ಈ ಪದ್ಧತಿಯಲ್ಲಿ ತರಬೇತಾದವರು. ಕೆಲವೇ ನಿಮಿಷಗಳ ಒತ್ತಡ ಫ್ಯಾಸಿಯಾವನ್ನು ಯಾಂತ್ರಿಕವಾಗಿ ಬದಲಿಸಲಾರದೆಂದು ವಾದಿಸಿ, 2003ರಲ್ಲಿ ಅವರು ಬೇರೊಂದು ಪ್ರಾಕ್ಕಲ್ಪನೆಯನ್ನು ಮುಂದಿಟ್ಟರು. ಫ್ಯಾಸಿಯಾದಲ್ಲಿ ಒತ್ತಡ, ಎಳೆತಗಳನ್ನು ಗ್ರಹಿಸುವ ನರತುದಿಗಳು ಹೇರಳವಾಗಿವೆ. ಒತ್ತಿದಾಗ ಇವು ಪ್ರಚೋದನೆಗೊಳ್ಳುತ್ತವೆ. ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳು ಸ್ನಾಯುಗಳ ಬಿಗಿತವನ್ನು ತಗ್ಗಿಸುತ್ತದೆ. ಅಂದರೆ ಬದಲಾಗುವುದು ನರಮಂಡಲದ ವರ್ತನೆ.

ಮೊಣಕೈ ಬಾಗಿಲಿಗೆ ತಾಗಿದಾಗ ನೀವು ಏನು ಮಾಡುತ್ತೀರಿ? ಥಟ್ಟನೆ ಉಜ್ಜಿಕೊಳ್ಳುತ್ತೀರಿ. ಇದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 'ದ್ವಾರ ನಿಯಂತ್ರಣ ಸಿದ್ಧಾಂತ'ದ ಮೂಲಕ ಒಂದು ವಿವರಣೆ ಕೊಟ್ಟರು. ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರತಂತುಗಳ ಚಟುವಟಿಕೆ, ನೋವಿನ ಸುದ್ದಿ ಒಯ್ಯುವ ತೆಳು ತಂತುಗಳ ಸಂದೇಶವನ್ನು ಮಿದುಳುಬಳ್ಳಿಯಲ್ಲಿಯೇ ಕುಗ್ಗಿಸಬಲ್ಲದು. ಈ ಸಿದ್ಧಾಂತದ ವಿವರಗಳು ನಂತರ ಬದಲಾಗಿವೆ. ಆದರೆ ನೋವು ಗಾಯದ ನೇರ ಅಳತೆಯಲ್ಲ, ನರಮಂಡಲ ಅದನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲದು ಎಂಬ ತಿರುಳು ಉಳಿದಿದೆ.

ಇನ್ನೂ ಸರಳವಾದ ಕಾರಣವೊಂದಿದೆ. ಹೊಸದಾಗಿ ಬಂದ ಸೊಂಟನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಮುಖವಾಗುತ್ತದೆ. ನಾವು ಚಿಕಿತ್ಸೆಗೆ ಹೋಗುವುದು ನೋವು ತೀರ ಹೆಚ್ಚಾದಾಗ. ಅಲ್ಲಿಂದ ಮುಂದೆ ಅದು ಇಳಿಯುವ ಸಂಭವವೇ ಅಧಿಕ. ಇಳಿದದ್ದರ ಕೀರ್ತಿ ಕೊನೆಗೆ ಮಾಡಿದ ಚಿಕಿತ್ಸೆಗೆ ಸಲ್ಲುತ್ತದೆ.

ನಿರ್ಣಾಯಕ ಹೋಲಿಕೆ

ಇಷ್ಟು ಸಾಧ್ಯತೆಗಳಲ್ಲಿ ಯಾವುದು ಸರಿ ಎಂದು ಬೇರ್ಪಡಿಸುವುದು ಹೇಗೆ? ಅಂಥ ಒಂದು ಪ್ರಯೋಗದ ಫಲಿತಾಂಶ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಬಹುಕಾಲದ ಸೊಂಟನೋವಿದ್ದ 401 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ, ನೋವಿನ ಮೂಲವೆನಿಸಿದ ಸ್ನಾಯು ಮತ್ತು ಪೊರೆಗಳನ್ನು ಹುಡುಕಿ ಸರಿಪಡಿಸುವ ಉದ್ದೇಶದ ರಚನಾತ್ಮಕ ಅಂಗಮರ್ದನ. ಇನ್ನೊಂದಕ್ಕೆ, ಮೈಯನ್ನು ವಿಶ್ರಾಂತಗೊಳಿಸುವ ಸಾಧಾರಣ ಅಂಗಮರ್ದನ. ಎರಡೂ ವಾರಕ್ಕೊಮ್ಮೆ, ಹತ್ತು ವಾರ. ಮೂರನೆಯ ಗುಂಪಿಗೆ ಎಂದಿನ ವೈದ್ಯೋಪಚಾರ ಮಾತ್ರ.

ಈ ವಿನ್ಯಾಸದ ಜಾಣತನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪೊರೆಗಳನ್ನು ಸರಿಪಡಿಸುವುದರಿಂದಲೇ ನೋವು ಇಳಿಯುವುದಾದರೆ, ಮೊದಲ ಗುಂಪು ಎರಡನೆಯದಕ್ಕಿಂತ ಸ್ಪಷ್ಟವಾಗಿ ಮುಂದಿರಬೇಕು. ಫಲಿತಾಂಶವೇನು? ಹತ್ತು ವಾರಗಳ ನಂತರ ಎರಡೂ ಅಂಗಮರ್ದನ ಗುಂಪುಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ, ನೋವು ಬಹಳ ಕಡಿಮೆಯಾಗಿದೆ ಅಥವಾ ಹೋಗಿದೆ ಎಂದರು. ಮೂರನೆಯ ಗುಂಪಿನಲ್ಲಿ ಹೀಗೆಂದವರು 25ರಲ್ಲಿ ಒಬ್ಬರು. ಆದರೆ ಎರಡು ಬಗೆಯ ಅಂಗಮರ್ದನಗಳ ನಡುವೆ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ! ಆರು ತಿಂಗಳವರೆಗೂ ದೈನಂದಿನ ಚಟುವಟಿಕೆಗಳಲ್ಲಿ ಸ್ವಲ್ಪ ಲಾಭ ಉಳಿದಿತ್ತು. ವರ್ಷ ಕಳೆಯುವ ಹೊತ್ತಿಗೆ ಅದು ತೀರ ಅಲ್ಪ.

ಅಂದರೆ ಮೊದಲ ಮಾತಿಗೆ ಬೆಂಬಲ ಸಿಕ್ಕಿತು, ಎರಡನೆಯದಕ್ಕೆ ಸಿಗಲಿಲ್ಲ. ಮೊದಲ ಮಾತಿಗೂ ಒಂದು ಮಿತಿಯಿದೆ. ಮೂರನೆಯ ಗುಂಪಿನವರಿಗೆ ತಮಗೆ ಅಂಗಮರ್ದನ ಸಿಗುತ್ತಿಲ್ಲವೆಂಬುದು ಗೊತ್ತಿತ್ತು. ಆದ್ದರಿಂದ ಲಾಭದಲ್ಲಿ ಒತ್ತಡದ ಪಾಲೆಷ್ಟು, ವಾರಕ್ಕೊಂದು ಗಂಟೆಯ ವಿಶ್ರಾಂತಿ, ಆರೈಕೆ, ನಿರೀಕ್ಷೆಗಳ ಪಾಲೆಷ್ಟು ಎಂದು ಈ ಪ್ರಯೋಗ ಹೇಳುವುದಿಲ್ಲ.

ಉಳಿದ ಸಾಕ್ಷ್ಯವೂ ಇದೇ ದಿಕ್ಕಿನಲ್ಲಿದೆ. 2015ರಲ್ಲಿ ಕಾಕ್ರೇನ್ ಸಂಸ್ಥೆ 25 ಪ್ರಯೋಗಗಳನ್ನು, ಒಟ್ಟು 3,096 ಜನರನ್ನು ಪರಿಶೀಲಿಸಿತು. ಅಂಗಮರ್ದನದಿಂದ ಸೊಂಟನೋವಿಗೆ ಅಲ್ಪಕಾಲದ ಉಪಶಮನ ದೊರೆಯಬಹುದಾದರೂ ಸಾಕ್ಷ್ಯದ ಗುಣಮಟ್ಟ ಕಡಿಮೆ, ಅದರಲ್ಲಿ ಹೆಚ್ಚು ಭರವಸೆ ಇಡಲಾಗದು ಎಂದಿತು. ಅದೇ ವರ್ಷ ಬಾಸ್ಟನ್‌ನಲ್ಲಿ 46 ಜನರ ಮೇಲೆ ನಡೆದ ಚಿಕ್ಕ ಪ್ರಯೋಗದ ವರದಿಯೂ ಬಂತು. ಎಂದಿನ ಚಿಕಿತ್ಸೆಗೆ ರಾಲ್ಫ್ ಪದ್ಧತಿಯನ್ನು ಸೇರಿಸಿದಾಗ ದೈನಂದಿನ ಕೆಲಸಗಳ ತೊಂದರೆ ತುಸು ತಗ್ಗಿತು. ನೋವಿನಲ್ಲಿ ಕಂಡ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳುವಷ್ಟು ಇರಲಿಲ್ಲ. ರಾಲ್ಫಿಂಗ್ ಪರಿಣಾಮಕಾರಿ ಎನ್ನಲು ಸ್ಪಷ್ಟ ಸಾಕ್ಷ್ಯವಿಲ್ಲವೆಂದು ಆಸ್ಟ್ರೇಲಿಯಾ ಸರ್ಕಾರದ ಪರಿಶೀಲನೆ 2015ರಲ್ಲಿ ಹೇಳಿತು. 2019ರ ಏಪ್ರಿಲ್‌ನಿಂದ ಅಲ್ಲಿ ಅದನ್ನು ಖಾಸಗಿ ವಿಮೆಯ ವ್ಯಾಪ್ತಿಯಿಂದ ಕೈಬಿಡಲಾಯಿತು.

'ಒತ್ತಿದಾಗ ಲ್ಯಾಕ್ಟಿಕ್ ಆಮ್ಲ, ವಿಷವಸ್ತುಗಳು ಹೊರಹೋಗುತ್ತವೆ' ಎಂಬ ಮಾತಿಗೂ ಆಧಾರವಿಲ್ಲ. ವ್ಯಾಯಾಮದಲ್ಲಿ ಹೆಚ್ಚಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ಕೆನಡಾದಲ್ಲಿ 11 ಯುವಕರ ತೊಡೆಯ ಸ್ನಾಯುವಿನ ಚೂರುಗಳನ್ನು ಪರೀಕ್ಷಿಸಿದ 2012ರ ಅಧ್ಯಯನದಲ್ಲಿ, ಅಂಗಮರ್ದನದ ನಂತರ ಉರಿಯೂತದ ಸಂಕೇತಗಳು ತಗ್ಗಿದ್ದವು. ಲ್ಯಾಕ್ಟೇಟ್‌ನಲ್ಲಿ ವ್ಯತ್ಯಾಸ ಇರಲಿಲ್ಲ.

ಎಚ್ಚರಿಕೆಯ ಮಾತು

'ಹೆಚ್ಚು ನೋಯಿಸಿದಷ್ಟೂ ಹೆಚ್ಚು ಗುಣ' ಎಂಬ ನಂಬಿಕೆಯೂ ಈ ತಪ್ಪು ವಿವರಣೆಯ ಕೂಸೇ. ಗಟ್ಟಿ ಪೊರೆಯನ್ನು ಬಗ್ಗಿಸಬೇಕು ಎಂದುಕೊಂಡವರು ಬಲ ಹೆಚ್ಚಿಸುತ್ತಾರೆ. ಹಿತವಾದ ಒತ್ತಡವೂ ಅಷ್ಟೇ ಫಲ ಕೊಡುವುದಾದರೆ ನೋವು ಸಹಿಸುವ ಅಗತ್ಯವೇನಿದೆ? ಕಾಕ್ರೇನ್ ಪರಿಶೀಲಿಸಿದ ಪ್ರಯೋಗಗಳಲ್ಲಿ ಶೇಕಡ 1.5ರಿಂದ 25ರವರೆಗೆ ಜನರಿಗೆ ನೋವು ಹೆಚ್ಚಾಗಿತ್ತು. ಅತಿ ಬಲದ ಒತ್ತಡದಿಂದ ಸ್ನಾಯುತಂತುಗಳು ಒಡೆದು ಮೂತ್ರಪಿಂಡಗಳಿಗೆ ತೊಂದರೆಯಾಗಬಹುದಾದ ಅಪರೂಪದ ಪ್ರಕರಣಗಳೂ ವರದಿಯಾಗಿವೆ. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವವರು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ ಸೇವಿಸುವವರು, ಮೂಳೆ ಸವೆತ ಇರುವವರು ಇಂಥ ಒತ್ತಡದಿಂದ ದೂರವಿರಬೇಕು. ಬೆನ್ನುನೋವಿನೊಂದಿಗೆ ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಬಹುಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ನೋವಿನ ಬಗ್ಗೆ ತಿಳಿವಳಿಕೆ, ವ್ಯಾಯಾಮ ಇವುಗಳ ಜೊತೆಗೆ ಅಂಗಮರ್ದನಕ್ಕೂ ಅದರಲ್ಲಿ ಷರತ್ತಿನೊಡನೆ ಸ್ಥಾನವಿದೆ. ಆದ್ದರಿಂದ ಹಿತವೆನಿಸಿದರೆ, ಕೈಗೆಟುಕಿದರೆ ಅಂಗಮರ್ದನ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಆ ನೆಮ್ಮದಿಯ ದಿನಗಳಲ್ಲಿ ನಡೆಯಿರಿ, ಮೈ ಬಗ್ಗಿಸಿ, ಕೂತ ಭಂಗಿಯನ್ನು ಆಗಾಗ ಬದಲಿಸಿ. 'ನಿಮ್ಮ ಮೈ ಓರೆಯಾಗಿದೆ, ನಾನು ನೆಟ್ಟಗೆ ಮಾಡುತ್ತೇನೆ' ಎಂದವರನ್ನು ಮಾತ್ರ 'ಹೇಗೆ ಅಳೆದಿರಿ?' ಎಂದು ಕೇಳಿ.

ತರಗತಿಯಲ್ಲಿ ಮಾಡಿ ನೋಡಿ

ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಡಿ, ಇದು ಲಂಬರೇಖೆ. ಒಪ್ಪಿದ ವಿದ್ಯಾರ್ಥಿಯೊಬ್ಬನನ್ನು ಅದರ ಪಕ್ಕದಲ್ಲಿ, ನೆಲದ ಮೇಲೆ ಗುರುತಿಸಿದ ಜಾಗದಲ್ಲಿ, ದಾರ ಹಿಮ್ಮಡಿಯ ಕೀಲಿನ ನೇರಕ್ಕೆ ಬರುವಂತೆ ನಿಲ್ಲಿಸಿ. ಕಿವಿಯ ರಂಧ್ರಕ್ಕೂ ದಾರಕ್ಕೂ ಇರುವ ಅಡ್ಡ ಅಂತರವನ್ನು ಅಳೆಯಿರಿ. ಅವನು ಒಂದು ಸುತ್ತು ನಡೆದು ಬರಲಿ, ಮತ್ತೆ ಅಳೆಯಿರಿ. ಹೀಗೆ ಐದು ಬಾರಿ. ಆರನೆಯ ಬಾರಿ 'ಈಗ ನಿನ್ನ ಭಂಗಿ ಸುಧಾರಿಸಿದೆಯೇ ನೋಡೋಣ' ಎಂದು ಹೇಳಿ ಅಳೆಯಿರಿ. ಅಳತೆಗಳನ್ನು ಕರಿಹಲಗೆಯ ಮೇಲೆ ಬರೆದು ಚರ್ಚಿಸಿ. ಯಾವ ಚಿಕಿತ್ಸೆಯೂ ಇಲ್ಲದೆ ಅಳತೆ ಎಷ್ಟು ಹೊಯ್ದಾಡಿತು? ಬರೀ ಮಾತು ಅದನ್ನು ಎಷ್ಟು ಬದಲಿಸಿತು? ಯಾರ ಭಂಗಿಯನ್ನೂ ಸರಿ, ತಪ್ಪು ಎಂದು ಹೆಸರಿಸುವುದು ಬೇಡ. ಇಲ್ಲಿ ಪರೀಕ್ಷೆಗೆ ಒಳಪಟ್ಟಿರುವುದು ಅಳತೆ, ವಿದ್ಯಾರ್ಥಿಯಲ್ಲ.